ಕತ್ತಲಲ್ಲಿ ನೌಕೆಯ ಮೈ ಹೊಳೆಯುತ್ತಿದೆಯೇ? ಕಕ್ಷೆಯ ಕ್ಯಾಮೆರಾಗಳಲ್ಲಿ ಬೇಡದ ಬೆಳಕನ್ನು ಪತ್ತೆಹಚ್ಚುವ ಕೈಪಿಡಿ

ಉಪಗ್ರಹ ಭೂಮಿಯ ನೆರಳಿನಲ್ಲಿದೆ. ಕ್ಯಾಮೆರಾ ಕಳುಹಿಸಿದ ಚಿತ್ರದಲ್ಲಿ ಆಕಾಶ ಕಪ್ಪಾಗಿರಬೇಕಿತ್ತು. ಆದರೆ ಒಂದು ಅಂಚಿನಿಂದ ನಸುಗೆಂಪು ಮಬ್ಬು ಒಳಗೆ ಚಾಚಿದೆ, ಮಂದ ನಕ್ಷತ್ರಗಳು ಅದರಲ್ಲಿ ಕರಗಿಹೋಗಿವೆ. ಸಂವೇದಕ ಕೆಟ್ಟಿತೇ, ಮಸೂರದ ಮೇಲೆ ಏನಾದರೂ ಕುಳಿತಿದೆಯೇ, ಎಲ್ಲಿಂದಲೋ ಬೆಳಕು ಸೋರುತ್ತಿದೆಯೇ ಎಂದು ತಂಡ ಚರ್ಚೆಗೆ ಇಳಿಯುತ್ತದೆ. ಮೂರೂ ಅಲ್ಲದ ನಾಲ್ಕನೆಯ ಕಾರಣವೊಂದಿದೆ: ನೌಕೆಯ ಹೊರಮೈಯೇ ಬೆಳಕು ಬಿಡುತ್ತಿರಬಹುದು.

ಇದು ಹೊಸ ಸಂಗತಿಯಲ್ಲ. 1982ರ ಮಾರ್ಚ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ ಕೊಲಂಬಿಯಾದ ಮೂರನೇ ಯಾನದಲ್ಲಿ ಜ್ಯಾಕ್ ಲೌಸ್ಮಾ ಮತ್ತು ಗಾರ್ಡನ್ ಫುಲರ್ಟನ್ ಇದ್ದರು. ಎಲೆಕ್ಟ್ರಾನ್ ಪುಂಜದ ಪ್ರಯೋಗವೊಂದಕ್ಕಾಗಿ ಕತ್ತಲಲ್ಲಿ ತೆಗೆದ ಚಿತ್ರಗಳಲ್ಲಿ ನೌಕೆಯ ಬಾಲದ ರೆಕ್ಕೆ ಮತ್ತು ಎಂಜಿನ್ ಕವಚಗಳ ಸುತ್ತ ಕಿತ್ತಳೆಗೆಂಪು ಪ್ರಭೆ ಎದ್ದು ಕಂಡಿತು. 1970ರ ದಶಕದಲ್ಲೇ ಹಾರಿದ್ದ ಅಟ್ಮಾಸ್ಫಿಯರ್ ಎಕ್ಸ್‌ಪ್ಲೋರರ್ ಉಪಗ್ರಹಗಳ ಬೆಳಕುಮಾಪಕಗಳಲ್ಲೂ ಲೆಕ್ಕಕ್ಕೆ ಸಿಗದ ಹೆಚ್ಚುವರಿ ಬೆಳಕು ದಾಖಲಾಗಿತ್ತು. ಆ ಹಳೆಯ ಅಂಕಿಗಳನ್ನು ಮತ್ತೆ ತೆರೆದು ನೋಡಿದಾಗ ಬೆಳಕಿನ ಪ್ರಮಾಣವು ಉಪಕರಣ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದಕ್ಕೆ ತಕ್ಕಂತೆ ಏರಿಳಿದದ್ದು ಗೊತ್ತಾಯಿತು.

ಈ ಕೈಪಿಡಿಯ ತಿರುಳೂ ಅದೇ. ಈ ಬೆಳಕು ಹುಟ್ಟುವುದು ಮೇಲ್ಮೈಯಲ್ಲಿ. ಹಾಗಾಗಿ ಅದನ್ನು ಗುರುತಿಸುವ ಕೆಲಸ ಮೇಲ್ಮೈಯ ದಿಕ್ಕಿನಿಂದ ಆರಂಭವಾಗಬೇಕು. ತಂತ್ರಾಂಶದಲ್ಲಿ ಹಿನ್ನೆಲೆಯನ್ನು ಕಳೆದು ಚಿತ್ರ ಚೆಂದ ಮಾಡುವ ಆತುರ ನಮ್ಮ ತಂಡಗಳಲ್ಲಿ ಬಹಳ. ಕಾರಣ ತಿಳಿಯದೆ ಕಳೆದ ಹಿನ್ನೆಲೆಯೊಡನೆ ಒಂದಿಷ್ಟು ನಿಜವಾದ ಆಕಾಶವೂ ಹೊರಟುಹೋಗುತ್ತದೆ. ಅದು ಆಮೇಲೆ ಮರಳಿ ಸಿಗುವುದಿಲ್ಲ.

ಕೆಲಸ ಆರಂಭಿಸುವ ಮೊದಲು ಪ್ರತಿ ಚಿತ್ರಕ್ಕೂ ಸಮಯ, ಎತ್ತರ, ನೌಕೆಯ ಭಂಗಿ (ಅದು ಯಾವ ಕಡೆಗೆ ತಿರುಗಿತ್ತು), ಮೇಲ್ಮೈಗಳ ತಾಪಮಾನ ಮತ್ತು ಥ್ರಸ್ಟರ್‌ಗಳು, ಅಂದರೆ ನೌಕೆಯನ್ನು ಸರಿಸುವ ಸಣ್ಣ ಎಂಜಿನ್‌ಗಳು, ಉರಿದ ದಾಖಲೆಯನ್ನು ಜೋಡಿಸಿಟ್ಟುಕೊಳ್ಳಿ. ಇವೆಲ್ಲ ಸಾಮಾನ್ಯವಾಗಿ ದೂರಮಾಪನ ಕಡತಗಳಲ್ಲಿ ಆಗಲೇ ಇರುತ್ತವೆ, ಖರ್ಚಿಲ್ಲ. ಮೊದಲ ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಮುಂದಿನ ಕೆಲವು ಪರೀಕ್ಷೆಗಳಲ್ಲಿ ನೌಕೆಯನ್ನು ತಿರುಗಿಸಬೇಕಾಗುತ್ತದೆ. ಹಾಗೆ ತಿರುಗಿಸುವಾಗ ಕ್ಯಾಮೆರಾದ ನೋಟಕ್ಕೆ ಸೂರ್ಯ ಬೀಳುವುದೇ, ಸೌರಫಲಕಗಳಿಗೆ ಬಿಸಿಲು ತಪ್ಪುವುದೇ, ಸಂಪರ್ಕ ಕಡಿಯುವುದೇ ಎಂಬುದನ್ನು ಭಂಗಿ ನಿಯಂತ್ರಣ ನೋಡಿಕೊಳ್ಳುವವರೊಂದಿಗೆ ಲೆಕ್ಕಹಾಕದೆ ಆದೇಶ ಕಳುಹಿಸಬಾರದು. ಮಬ್ಬು ಬೆಳಕಿನ ಮೂಲ ಹುಡುಕಲು ಹೋಗಿ ಸಂವೇದಕವನ್ನೇ ಸುಟ್ಟುಕೊಂಡರೆ ಸರಿಪಡಿಸಲು ಅಲ್ಲಿಗೆ ಹೋಗುವವರು ಯಾರೂ ಇಲ್ಲ.

ಶಟರ್ ಮುಚ್ಚಿದ್ದರೂ ಬೆಳಕು ಕಾಣುತ್ತಿದೆ

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ಶಟರ್ ಮುಚ್ಚಿ, ಅಷ್ಟೇ ಅವಧಿಯ ಒಂದು ಚಿತ್ರ ತೆಗೆಯಿರಿ. ಮಬ್ಬು ಹಾಗೆಯೇ ಉಳಿದರೆ ಅದು ಹೊರಗಿನ ಬೆಳಕಲ್ಲ. ಒಂದೇ ಮೂಲೆಯಲ್ಲಿ ಮಬ್ಬಿದ್ದರೆ ಸಂವೇದಕದ ಮಗ್ಗುಲಿನ ವರ್ಧಕ ಮಂಡಲದ ಬೆಳಕಿರಬಹುದು. ಚಿತ್ರವಿಡೀ ಎದ್ದಿದ್ದರೆ ಸಂವೇದಕ ಬಿಸಿಯಾಗಿದೆಯೇ ನೋಡಿ. ಚುಕ್ಕೆ, ಗೀರುಗಳು ತುಂಬಿಕೊಂಡಿದ್ದರೆ ಆ ಹೊತ್ತಿನಲ್ಲಿ ಉಪಗ್ರಹ ದಕ್ಷಿಣ ಅಟ್ಲಾಂಟಿಕ್ ಪ್ರದೇಶದ ಮೇಲಿತ್ತೇ ಎಂದು ನೋಡಿ. ಅಲ್ಲಿ ವಿಕಿರಣ ಪಟ್ಟಿಯ ಕಣಗಳು ಕೆಳಗೆ ಇಳಿದಿರುತ್ತವೆ.

ಶಟರ್ ಇಲ್ಲದ ಕ್ಯಾಮೆರಾ ಆದರೆ ಅತ್ಯಂತ ಕಡಿಮೆ ಅವಧಿಯ ಮತ್ತು ದೀರ್ಘ ಅವಧಿಯ ಚಿತ್ರಗಳನ್ನು ಬೇರೆ ಬೇರೆ ತಾಪಮಾನದಲ್ಲಿ ತೆಗೆದು ಹೋಲಿಸಿ. ಶಟರ್ ಮುಚ್ಚಿದಾಗ ಮಬ್ಬು ಮಾಯವಾಯಿತು ಎಂದಾದರೆ ಮಾತ್ರ ಮುಂದೆ ಓದಿ.

ಭೂಮಿಯ ಅಂಚಿನ ಮೇಲೆ ಹಸಿರು ಅಥವಾ ಕೆಂಪು ಪಟ್ಟಿ

ಇದು ದೋಷವೇ ಅಲ್ಲ. ಭೂಮಿಯ ಮೇಲಿನ ವಾತಾವರಣ ತಾನಾಗಿಯೇ ಹೊಳೆಯುತ್ತದೆ. ಸುಮಾರು 95ರಿಂದ 100 ಕಿ.ಮೀ. ಎತ್ತರದಲ್ಲಿ ಆಮ್ಲಜನಕದ 557.7 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕು, 200 ಕಿ.ಮೀ.ಗೂ ಮೇಲೆ 630 ನ್ಯಾನೋಮೀಟರ್‌ನ ಕೆಂಪು ಬೆಳಕು. ಪರೀಕ್ಷೆ ಸುಲಭ: ಸರಣಿ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಬೆಳಕು ಕ್ಷಿತಿಜದ ಜೊತೆಗೆ ಸರಿದರೆ ಅದು ವಾತಾವರಣದ್ದು. ಚಿತ್ರದ ಚೌಕಟ್ಟಿನಲ್ಲೋ ಫಲಕದ ಅಂಚಿನಲ್ಲೋ ಕದಲದೆ ನಿಂತರೆ ನೌಕೆಯದ್ದು.

ಚಂದ್ರನನ್ನೂ ಮರೆಯಬೇಡಿ. ಹುಣ್ಣಿಮೆಯ ಆಸುಪಾಸಿನಲ್ಲಿ ಬಿಳಿ ಬಣ್ಣದ ಮೇಲ್ಮೈಗಳು, ಚಿನ್ನದ ಬಣ್ಣದ ಹೊದಿಕೆಗಳು ಚೆನ್ನಾಗಿಯೇ ಬೆಳಗುತ್ತವೆ. ಕೆಳಗಿನ ನಗರಗಳ ದೀಪ, ಸಿಡಿಲಿನ ಮಿಂಚು ಕೂಡ ಫಲಕದ ಮೇಲೆ ಪ್ರತಿಫಲಿಸುತ್ತವೆ. ಅಮಾವಾಸ್ಯೆಯ ದಿನಗಳಲ್ಲಿ, ಸಾಗರದ ಮೇಲೆ ಸಾಗುವಾಗ ಚಿತ್ರ ತೆಗೆದು ಹೋಲಿಸಿದರೆ ಈ ಅನುಮಾನಗಳೆಲ್ಲ ಒಂದೇ ಏಟಿಗೆ ತೀರುತ್ತವೆ.

ಮಿನುಗುವ ಚುಕ್ಕೆಗಳು ತೇಲಿಹೋಗುತ್ತಿವೆ

1962ರ ಫೆಬ್ರವರಿ 20ರಂದು ಫ್ರೆಂಡ್‌ಶಿಪ್ 7 ನೌಕೆಯಲ್ಲಿದ್ದ ಜಾನ್ ಗ್ಲೆನ್ ಸೂರ್ಯೋದಯದ ಹೊತ್ತಿಗೆ ಕಿಟಕಿಯಾಚೆ ಮಿಂಚುಹುಳುಗಳಂಥ ಹೊಳೆಯುವ ಕಣಗಳನ್ನು ಕಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಹಾರಿದ ಸ್ಕಾಟ್ ಕಾರ್ಪೆಂಟರ್ ನೌಕೆಯ ಗೋಡೆಗೆ ಒಳಗಿನಿಂದ ಗುದ್ದಿದಾಗ ಅಂಥ ಕಣಗಳು ಇನ್ನಷ್ಟು ಹಾರಿದವು. ಹೊರಮೈಗೆ ಕಟ್ಟಿದ್ದ ಹಿಮದ ಹರಳುಗಳು ಬಿಸಿಲಿಗೆ ಹೊಳೆದಿದ್ದವು, ಅಷ್ಟೇ. ಎಂಥ ಸೊಗಸಾದ ರೋಗಪತ್ತೆ! ಉಪಕರಣವಿಲ್ಲ, ಖರ್ಚಿಲ್ಲ, ಒಂದು ಗುದ್ದು.

ನಿಮ್ಮ ಚಿತ್ರದಲ್ಲಿ ಚುಕ್ಕೆ ಅಥವಾ ಗೆರೆಗಳು ಕಂಡರೆ ಎರಡು ಪ್ರಶ್ನೆ ಕೇಳಿ. ಅವು ಬಿಸಿಲಿನಲ್ಲಿ ಮಾತ್ರ ಕಾಣುತ್ತವೆಯೇ? ನೆರಳಿಗೆ ಬಂದಕೂಡಲೇ ನಂದುತ್ತವೆಯೇ? ಹೌದಾದರೆ ಅವು ಹಿಮ, ಬಣ್ಣದ ಚೂರು, ಹೊದಿಕೆಯ ಎಳೆ ಇಂಥವು. ಮೈಹೊಳಪು ಎಂದೂ ಚುಕ್ಕೆಯಾಗಿ ಕಾಣುವುದಿಲ್ಲ, ಅದು ಹರಡಿದ ಮಬ್ಬು. ಆದರೆ ಚೂರುಗಳು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ನಿರ್ಲಕ್ಷಿಸಬೇಡಿ. ಹೊದಿಕೆ ಹರಿಯುತ್ತಿರಬಹುದು, ಎಲ್ಲಿಂದಲೋ ದ್ರವ ಸೋರಿ ಹೆಪ್ಪುಗಟ್ಟುತ್ತಿರಬಹುದು. ಟ್ಯಾಂಕ್‌ಗಳ ಒತ್ತಡದ ದಾಖಲೆಯನ್ನು ಅಂದೇ ತೆರೆದು ನೋಡಿ. ಒತ್ತಡ ಇಳಿಯುತ್ತಿದ್ದರೆ ಹೊಳಪಿನ ತನಿಖೆಯನ್ನು ಬದಿಗಿಟ್ಟು ನೌಕೆಯ ನಿರ್ವಹಣಾ ತಂಡಕ್ಕೆ ತಿಳಿಸಿ.

ಮುಂಭಾಗದ ಮೇಲ್ಮೈಗೆ ಅಂಟಿಕೊಂಡ ಕಿತ್ತಳೆಗೆಂಪು ಮಬ್ಬು

ಈಗ ನಿಜವಾದ ಮೈಹೊಳಪಿಗೆ ಬಂದೆವು. ಲಕ್ಷಣ ಹೀಗಿರುತ್ತದೆ: ಕತ್ತಲಲ್ಲಿ ಮಾತ್ರ ಎದ್ದು ಕಾಣುತ್ತದೆ, ಮೇಲ್ಮೈಯ ಬಳಿ ದಟ್ಟವಾಗಿದ್ದು ಹೊರಹೊರಗೆ ತೆಳುವಾಗುತ್ತದೆ, ಬಾಹ್ಯಾಕಾಶ ಷಟಲ್‌ನಲ್ಲಿ ಇದರ ದಪ್ಪ ಸುಮಾರು 20 ಸೆಂ.ಮೀ. ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನೌಕೆ ಚಲಿಸುವ ದಿಕ್ಕಿಗೆ ಎದೆಯೊಡ್ಡಿದ ಮೇಲ್ಮೈಗಳಲ್ಲಿ ಮಾತ್ರ ಇರುತ್ತದೆ.

ಏಕೆ ಹಾಗೆ? 300 ಕಿ.ಮೀ. ಎತ್ತರದಲ್ಲೂ ಗಾಳಿ ಪೂರ್ತಿ ಇಲ್ಲವಾಗಿರುವುದಿಲ್ಲ. ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ಅಣುಗಳನ್ನು ಒಡೆದಿರುವುದರಿಂದ ಅಲ್ಲಿ ಹೆಚ್ಚಾಗಿರುವುದು ಬಿಡಿ ಆಮ್ಲಜನಕ ಪರಮಾಣುಗಳು, ಜೊತೆಗೆ ಸಾರಜನಕದ ಅಣುಗಳು. ಅವುಗಳ ಸ್ವಂತ ಓಡಾಟದ ವೇಗ ಸೆಕೆಂಡಿಗೆ ಸುಮಾರು 1 ಕಿ.ಮೀ.; ನೌಕೆಯದ್ದು ಸುಮಾರು 7.7 ಕಿ.ಮೀ. ಮಳೆಯಲ್ಲಿ ಬೈಕ್ ಓಡಿಸುವವನ ಎದೆ ತೊಯ್ದು ಬೆನ್ನು ಒಣಗಿರುವಂತೆ, ನೌಕೆಯ ಮುಂಭಾಗಕ್ಕೆ ಮಾತ್ರ ಪರಮಾಣುಗಳ ಹೊಡೆತ ಬೀಳುತ್ತದೆ. ಆ ವೇಗದಲ್ಲಿ ಬಡಿಯುವ ಪ್ರತಿ ಆಮ್ಲಜನಕ ಪರಮಾಣುವಿನ ಶಕ್ತಿ ಸುಮಾರು 5 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ), ಸಾರಜನಕ ಅಣುವಿನದು 9ರ ಸಮೀಪ. ರಾಸಾಯನಿಕ ಬಂಧಗಳನ್ನು ಮುರಿಯಲು, ಕಟ್ಟಲು ಇಷ್ಟು ಸಾಕು. ಷಟಲ್ ಹಾರುತ್ತಿದ್ದ ಎತ್ತರಗಳಲ್ಲಿ ಎದುರುಮುಖದ ಪ್ರತಿ ಚದರ ಸೆಂಟಿಮೀಟರಿಗೆ ಪ್ರತಿ ಸೆಕೆಂಡಿಗೆ 10¹⁴ರಿಂದ 10¹⁵ ಪರಮಾಣುಗಳು ಬಡಿಯುತ್ತವೆ.

ಕೇವಲ ಬಡಿತದಿಂದ ಕೆಂಪು ಬೆಳಕು ಬರುವುದಿಲ್ಲ. ಮೇಲ್ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಅಣುಗಳ ತೆಳುವಾದ ಪದರ ಅಂಟಿಕೊಂಡಿರುತ್ತದೆ. ಅದಕ್ಕೆ ವೇಗದ ಆಮ್ಲಜನಕ ಪರಮಾಣು ಬಂದು ಸೇರಿದಾಗ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಹೊಸ ಬಂಧ ಬಿಡುಗಡೆ ಮಾಡುವ ಶಕ್ತಿ 3.1 ಎಲೆಕ್ಟ್ರಾನ್ ವೋಲ್ಟ್. ಆ ಶಕ್ತಿಯ ಒಂದು ಪಾಲನ್ನು ಹೊತ್ತ ಉತ್ತೇಜಿತ ಅಣು ಮೇಲ್ಮೈ ಬಿಟ್ಟು ಹಾರುತ್ತದೆ, ಸ್ವಲ್ಪ ದೂರ ಹೋದ ಮೇಲೆ ಬೆಳಕು ಬಿಟ್ಟು ತಣಿಯುತ್ತದೆ. ಮಬ್ಬಿಗೆ ದಪ್ಪ ಬರುವುದು ಇದರಿಂದ. ಅಣು ಸೆಕೆಂಡಿಗೆ 2 ಕಿ.ಮೀ. ವೇಗದಲ್ಲಿ ಹೊರಟು, ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತು ಶಕ್ತಿಯನ್ನು ಹಿಡಿದಿಟ್ಟುಕೊಂಡಿತು ಎಂದಿಟ್ಟುಕೊಳ್ಳಿ: ದೂರ 20 ಸೆಂ.ಮೀ. ಚಿತ್ರದಲ್ಲಿ ಅಳೆದ ದಪ್ಪ ಹೀಗೆ ಅಣುವಿನ ಆಯುಷ್ಯವನ್ನು ಹೇಳಿಕೊಡುತ್ತದೆ. ಈ ಲೆಕ್ಕದ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇದು ಬರೀ ಊಹೆಯಾಗಿ ಉಳಿಯಲಿಲ್ಲ. 1991ರ ವಸಂತದಲ್ಲಿ ಡಿಸ್ಕವರಿ ನೌಕೆಯ ಎಸ್‌ಟಿಎಸ್-39 ಯಾನದಲ್ಲಿ ಬೇರೆ ಬೇರೆ ಅನಿಲಗಳನ್ನು ಹೊರಬಿಟ್ಟು ನೋಡಿದರು. ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ಮೇಲ್ಮೈಯ ಹೊಳಪು ಜೋರಾಗಿ ಏರಿತು, ಅದರ ರೋಹಿತವೂ (ಬೆಳಕಿನ ಬಣ್ಣಗಳ ಹಂಚಿಕೆ) ಮಾಮೂಲಿ ಹೊಳಪಿನದಕ್ಕೆ ಹೊಂದಿಕೊಂಡಿತು. ಭೂಮಿಯ ಪ್ರಯೋಗಾಲಯಗಳಲ್ಲೂ ನೈಟ್ರಿಕ್ ಆಕ್ಸೈಡ್ ಲೇಪಿತ ಮೇಲ್ಮೈಗೆ ವೇಗದ ಆಮ್ಲಜನಕ ಪರಮಾಣುಗಳನ್ನು ಹಾಯಿಸಿ ಇದೇ ಬೆಳಕನ್ನು ಹುಟ್ಟಿಸಿದ್ದಾರೆ.

ನಿಮ್ಮ ಪರೀಕ್ಷೆ ಈಗ ಸ್ಪಷ್ಟ. ಅನುಮಾನವಿರುವ ಮೇಲ್ಮೈ ಚಲನೆಯ ದಿಕ್ಕಿನೊಂದಿಗೆ ಮಾಡುವ ಕೋನವನ್ನು ಪ್ರತಿ ಚಿತ್ರಕ್ಕೂ ಲೆಕ್ಕಹಾಕಿ, ಅದರ ಎದುರು ಹೊಳಪಿನ ಪ್ರಮಾಣವನ್ನು ಗುರುತಿಸಿ. ನೇರ ಎದುರಿನಲ್ಲಿ ಗರಿಷ್ಠ, ಓರೆಯಾದಂತೆ ಇಳಿಕೆ, ಹಿಮ್ಮುಖವಾದಾಗ ಬಹುತೇಕ ಶೂನ್ಯ: ಈ ಆಕಾರ ಬಂದರೆ ರೋಗ ಪತ್ತೆಯಾದಂತೆ. ನೌಕೆ ಸಹಜವಾಗಿ ಭಂಗಿ ಬದಲಿಸಿದ ಹಳೆಯ ದಾಖಲೆಗಳಲ್ಲೇ ಈ ಮಾಹಿತಿ ಸಿಗಬಹುದು, ಆಗ ಹೊಸ ಆದೇಶವೂ ಬೇಡ. ಒಂದು ಸೂಕ್ಷ್ಮವಿದೆ. ವಾತಾವರಣವೂ ಭೂಮಿಯೊಡನೆ ಸುತ್ತುತ್ತದೆ, ಸಮಭಾಜಕದ ಬಳಿ ಸೆಕೆಂಡಿಗೆ ಸುಮಾರು ಅರ್ಧ ಕಿ.ಮೀ. ವೇಗದಲ್ಲಿ. ಧ್ರುವಗಳ ಮೇಲೆ ಹಾಯುವ ಕಕ್ಷೆಯಲ್ಲಿ ಗಾಳಿ ಬಡಿಯುವ ದಿಕ್ಕು ನೌಕೆಯ ವೇಗದ ದಿಕ್ಕಿನಿಂದ 3–4 ಡಿಗ್ರಿ ಬದಿಗೆ ಸರಿದಿರುತ್ತದೆ. ಗ್ರಾಫ್‌ನ ಶಿಖರ ಸ್ವಲ್ಪ ಆಚೀಚೆ ಇದ್ದರೆ ಗಾಬರಿಯಾಗಬೇಡಿ, ಮೊದಲು ಈ ತಿದ್ದುಪಡಿ ಹಾಕಿ.

ಫಿಲ್ಟರ್‌ಗಳಿದ್ದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಷಟಲ್‌ನ ಹೊಳಪು 680 ನ್ಯಾನೋಮೀಟರ್ ಆಸುಪಾಸಿನಲ್ಲಿ ಗರಿಷ್ಠವಾಗಿತ್ತು, ನೀಲಿಯ ಕಡೆಗೆ ಕುಗ್ಗುತ್ತ ಹೋಗುತ್ತಿತ್ತು. ರೋಹಿತದರ್ಶಕದಲ್ಲಿ ಅದು ಗೆರೆಗಳಿಲ್ಲದ ಅಗಲವಾದ ಉಬ್ಬು. ವಾತಾವರಣದ ಹೊಳಪು ಇದಕ್ಕೆ ತದ್ವಿರುದ್ಧ. ಅಲ್ಲಿ ಚೂಪಾದ ಗೆರೆಗಳಿರುತ್ತವೆ.

ಹೊಳಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ

ದಿಕ್ಕು ಒಂದೇ ಇದ್ದರೂ ಹೊಳಪು ಏರಿಳಿದರೆ ಮೊದಲು ಥ್ರಸ್ಟರ್ ದಾಖಲೆ ತೆರೆಯಿರಿ. ಷಟಲ್‌ನ ಥ್ರಸ್ಟರ್‌ಗಳಲ್ಲಿ ಮೊನೋಮೀಥೈಲ್ ಹೈಡ್ರಜೀನ್ ಮತ್ತು ಡೈನೈಟ್ರೋಜನ್ ಟೆಟ್ರಾಕ್ಸೈಡ್ ಉರಿಯುತ್ತಿದ್ದವು. ಉರಿದ ಗಳಿಗೆಯಲ್ಲಿ ಒಂದು ಝಗಝಗ, ಆಮೇಲೆ ಮೇಲ್ಮೈಯ ಹೊಳಪಿನಲ್ಲಿ ಏರಿಕೆ, ನಂತರ ನಿಧಾನ ಇಳಿಕೆ ಕಾಣುತ್ತಿತ್ತು. ಎರಡನ್ನು ಬೇರ್ಪಡಿಸಿ ನೋಡಿ: ಝಗ್ಗನೆ ಬಂದು ಹೋದದ್ದು ಹೊರಬಿದ್ದ ಅನಿಲದ್ದು, ತಡವಾಗಿ ಇಳಿಯುವ ಬಾಲ ಮೇಲ್ಮೈಯದ್ದು. ಸಾರಜನಕ ಬಳಸದ ಎಂಜಿನ್‌ಗಳ, ಉದಾಹರಣೆಗೆ ಕ್ಸೆನಾನ್ ಅಯಾನು ಥ್ರಸ್ಟರ್‌ಗಳ, ನೀಲಿಛಾಯೆಯ ಬೆಳಕು ಬೇರೆಯೇ ಬಗೆ. ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ.

ಎರಡನೆಯದು ತಾಪಮಾನ. ಇಲ್ಲಿ ಅನೇಕರ ಅಂದಾಜು ತಲೆಕೆಳಗಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಹೊಳಪು ಹೆಚ್ಚುತ್ತದೆ ಎಂದುಕೊಳ್ಳುತ್ತೇವೆ. ಆದರೆ ತಣ್ಣನೆಯ ಮೇಲ್ಮೈಯೇ ಹೆಚ್ಚು ಹೊಳೆಯುತ್ತದೆ, ಏಕೆಂದರೆ ತಂಪಿನಲ್ಲಿ ನೈಟ್ರಿಕ್ ಆಕ್ಸೈಡ್ ಅಣುಗಳು ಹೆಚ್ಚು ಹೊತ್ತು ಅಂಟಿಕೊಂಡಿರುತ್ತವೆ. ನೆರಳಿಗೆ ಹೊಕ್ಕ ಮೇಲೆ ಫಲಕ ತಣಿಯುತ್ತ ಹೋದಂತೆ ಹೊಳಪು ಏರಿದರೆ ಅದು ಈ ರಸಾಯನಕ್ರಿಯೆಯ ಗಟ್ಟಿ ಗುರುತು. ಆ ಭಾಗದಲ್ಲಿ ಹೀಟರ್ ಇದ್ದರೆ ಒಂದು ಕಕ್ಷೆಯ ಕಾಲ ಹಾಕಿ ನೋಡಬಹುದು. ಆದರೆ ಅನುಮತಿಸಿದ ತಾಪಮಾನದ ಮಿತಿಯೊಳಗೇ ಇರಿ, ಬ್ಯಾಟರಿಯ ಮೇಲೆ ಬೀಳುವ ಹೊರೆಯನ್ನೂ ಗಮನಿಸಿ.

ಮೂರನೆಯದು ಎತ್ತರ ಮತ್ತು ಸೂರ್ಯ. ಮೇಲೆ ಹೋದಂತೆ ಆಮ್ಲಜನಕ ಪರಮಾಣುಗಳು ವಿರಳವಾಗಿ ಹೊಳಪೂ ಕುಗ್ಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ. ನೌಕೆ ಅದೇ ಎತ್ತರದಲ್ಲಿದ್ದರೂ ಎದುರಾಗುವ ಗಾಳಿ ದಟ್ಟವಾಗುತ್ತದೆ. 2022ರ ಫೆಬ್ರವರಿಯಲ್ಲಿ ಭೂಕಾಂತೀಯ ಬಿರುಗಾಳಿಯ ನಂತರ, ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಇಂಥ ಹೆಚ್ಚಿದ ಗಾಳಿಯೆಳೆತಕ್ಕೆ ಸಿಕ್ಕಿ ಕೆಳಗುರುಳಿದವು. ಹೊಳಪು ಎರಡು ಮೂರು ದಿನ ಏರಿ ಇಳಿದಿದ್ದರೆ ಆ ದಿನಗಳ ಭೂಕಾಂತೀಯ ಸೂಚ್ಯಂಕವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಹೊಸದಾಗಿ ಹಾರಿದ ನೌಕೆಯಲ್ಲಿ ಮೊದಲ ದಿನಗಳು ಬೇರೆಯೇ. ಅಂಟು, ಹೊದಿಕೆ, ತಂತಿಗಳ ಪ್ಲಾಸ್ಟಿಕ್‌ನಲ್ಲಿ ಅಡಗಿದ್ದ ನೀರಾವಿ ಮತ್ತು ಇತರ ಆವಿಗಳು ಹೊರಬರುತ್ತಿರುತ್ತವೆ. ಆಗ ಕಂಡ ಬೆಳಕನ್ನು ಆಧಾರವಾಗಿಟ್ಟುಕೊಂಡು ತೀರ್ಮಾನಕ್ಕೆ ಬರಬೇಡಿ. ಕೆಲವು ವಾರ ಬಿಟ್ಟು ಮತ್ತೆ ಅಳೆಯಿರಿ.

ಅಕ್ಕಪಕ್ಕದ ಎರಡು ಫಲಕಗಳಲ್ಲಿ ಒಂದು ಮಾತ್ರ ಹೊಳೆಯುತ್ತಿದೆ

ಎರಡೂ ಒಂದೇ ದಿಕ್ಕಿಗಿದ್ದು ಹೊಳಪಿನಲ್ಲಿ ವ್ಯತ್ಯಾಸ ಕಂಡರೆ ವಸ್ತುವನ್ನು ಅನುಮಾನಿಸಿ. ಷಟಲ್ ಯಾನಗಳಲ್ಲಿ ಬೇರೆ ಬೇರೆ ವಸ್ತುಗಳ ಪಟ್ಟಿಗಳನ್ನು ಎದುರುಗಾಳಿಗೆ ಒಡ್ಡಿ ಚಿತ್ರ ತೆಗೆದಾಗ ಎಲ್ಲವೂ ಒಂದೇ ಸಮ ಹೊಳೆಯಲಿಲ್ಲ. ನೈಟ್ರಿಕ್ ಆಕ್ಸೈಡನ್ನು ಹಿಡಿದಿಟ್ಟುಕೊಳ್ಳುವ ಗುಣ ಮೇಲ್ಮೈಯಿಂದ ಮೇಲ್ಮೈಗೆ ಬದಲಾಗುತ್ತದೆ. ಆದರೆ ವಸ್ತುವಿಗೂ ಮೊದಲು ಆ ಎರಡು ಫಲಕಗಳ ತಾಪಮಾನ ಹೋಲಿಸಿ. ಬಣ್ಣ, ಲೇಪನ ಬೇರೆಯಾದರೆ ತಾಪವೂ ಬೇರೆಯಾಗುತ್ತದೆ, ಆಗ ವ್ಯತ್ಯಾಸ ವಸ್ತುವಿನದೋ ತಂಪಿನದೋ ಹೇಳುವುದು ಕಷ್ಟ. ಕ್ಯಾಮೆರಾಕ್ಕೆ ಬೆಳಕು ಬರುವ ಕೊಳವೆಗಳ ಒಳಗೆ ಬಳಿಯುವ ಕಪ್ಪು ಬಣ್ಣವನ್ನು ಆರಿಸುವಾಗ ಅದು ಬೆಳಕನ್ನು ಎಷ್ಟು ಹೀರುತ್ತದೆ ಎಂಬುದನ್ನು ಮಾತ್ರ ನೋಡುತ್ತೇವೆ. ಎದುರುಗಾಳಿಗೆ ಬಿದ್ದರೆ ತಾನೇ ಎಷ್ಟು ಹೊಳೆಯುತ್ತದೆ ಎಂದು ಕೇಳುವ ರೂಢಿ ವಿನ್ಯಾಸದ ಹಂತದಲ್ಲೇ ಬೆಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಮಾನ್ಯ ಚಿತ್ರ ಸ್ವಚ್ಛ, ಅತಿನೇರಳೆಯಲ್ಲೋ ಅವಕೆಂಪಿನಲ್ಲೋ ಹಿನ್ನೆಲೆ ಎದ್ದಿದೆ

ಇಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ಕಥೆ ಸಾಲುವುದಿಲ್ಲ. 3.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಸರಿಹೊಂದುವ ಬೆಳಕು ಸುಮಾರು 400 ನ್ಯಾನೋಮೀಟರ್‌ನದು. ಅದಕ್ಕಿಂತ ಕಿರಿದಾದ ತರಂಗಾಂತರದಲ್ಲಿ ಹಿನ್ನೆಲೆ ಜೋರಾಗಿದ್ದರೆ ಬೇರೆ ಮೂಲ ಹುಡುಕಬೇಕು. 1978ರಲ್ಲಿ ಹಾರಿದ ಎಸ್3-4 ಉಪಗ್ರಹದ ದಾಖಲೆಗಳಲ್ಲಿ ಸಾರಜನಕ ಅಣುಗಳ ದೂರದ ಅತಿನೇರಳೆ ಹೊಳಪು ಪತ್ತೆಯಾಯಿತು. ನೌಕೆ ಕೆಳಗೆ ಇಳಿದಂತೆ ಅದು ಬಹಳ ಕಡಿದಾಗಿ ಏರುತ್ತಿತ್ತು. ಹಾಗಾಗಿ ಎತ್ತರದೊಂದಿಗೆ ಬದಲಾಗುವ ಬಗೆಯನ್ನು ನೋಡಿಯೇ ಎರಡನ್ನು ಬೇರ್ಪಡಿಸಬಹುದು. 1994ರ ಮಾರ್ಚ್‌ನಲ್ಲಿ ಕೊಲಂಬಿಯಾದ ಎಸ್‌ಟಿಎಸ್-62 ಯಾನದಲ್ಲಿ ಕಕ್ಷೆಯ ಕೆಳತುದಿಯನ್ನು 200 ಕಿ.ಮೀ.ಗೂ ತಗ್ಗಿಸಿ ಈ ಹೊಳಪುಗಳನ್ನೇ ಅಳೆದರು. ಅವಕೆಂಪಿನಲ್ಲಿ ಮೇಲ್ಮೈಯ ಸ್ವಂತ ಶಾಖದ ವಿಕಿರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಮೋಸದ ಮೂಲವಿದೆ. ಹಬಲ್ ದೂರದರ್ಶಕದ ಸಮೀಪ-ಅವಕೆಂಪು ಚಿತ್ರಗಳಲ್ಲಿ 1083 ನ್ಯಾನೋಮೀಟರ್‌ನ ಹಿನ್ನೆಲೆ ಬೆಳಕು ಕಾಣಿಸಿಕೊಳ್ಳುತ್ತದೆ. ಅದು ಹಬಲ್‌ನ ಮೈಯದ್ದಲ್ಲ, ಬಿಸಿಲು ಬಿದ್ದ ಮೇಲಿನ ವಾತಾವರಣದ ಹೀಲಿಯಂನದ್ದು. ನೌಕೆ ನೆರಳಿಗೆ ಬಂದಾಗ ಇಳಿಯುತ್ತದೆ. ಮೈಹೊಳಪಾದರೆ ನೆರಳಿನಲ್ಲೂ ಇರುತ್ತದೆ.

ಹೊಳಪಿನ ಜೊತೆಗೆ ನಕ್ಷತ್ರಗಳೂ ತಿಂಗಳಿನಿಂದ ತಿಂಗಳಿಗೆ ಮಂಕಾಗುತ್ತಿವೆ

ಇಲ್ಲಿಂದ ಮುಂದೆ ಒಬ್ಬರೇ ತನಿಖೆ ಮಾಡಬೇಡಿ. ಮೈಹೊಳಪು ಹಿನ್ನೆಲೆಯನ್ನು ಏರಿಸುತ್ತದೆಯೇ ಹೊರತು ನಕ್ಷತ್ರದ ಬೆಳಕನ್ನು ಕುಗ್ಗಿಸುವುದಿಲ್ಲ. ಗೊತ್ತಿರುವ ನಕ್ಷತ್ರಗಳ ಪ್ರಕಾಶ ಇಳಿಯುತ್ತಿದ್ದರೆ ಮಸೂರ ಅಥವಾ ಕನ್ನಡಿಯೇ ಹಾಳಾಗುತ್ತಿದೆ. ಹೊಳಪು ಹುಟ್ಟಿಸುವ ಅದೇ ಆಮ್ಲಜನಕ ಪರಮಾಣುಗಳು ಮೇಲ್ಮೈಯನ್ನು ಸವೆಸುತ್ತವೆ. ಕ್ಯಾಪ್ಟಾನ್ ಎಂಬ ಹೊದಿಕೆಯ ಹಾಳೆ ಬಡಿದ ಪ್ರತಿ ಪರಮಾಣುವಿಗೆ 3×10⁻²⁴ ಘನ ಸೆಂ.ಮೀ.ನಷ್ಟು ಸವೆಯುತ್ತದೆ. ಸಂಖ್ಯೆ ಚಿಕ್ಕದೆನಿಸಬಹುದು. 1984ರ ಏಪ್ರಿಲ್‌ನಿಂದ 1990ರ ಜನವರಿಯವರೆಗೆ ಕಕ್ಷೆಯಲ್ಲಿದ್ದ ಎಲ್‌ಡಿಇಎಫ್ ಎಂಬ ಪರೀಕ್ಷಾ ಉಪಗ್ರಹದ ಎದುರುಮುಖಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 9×10²¹ ಪರಮಾಣುಗಳು ಬಡಿದಿದ್ದವು. ಗುಣಿಸಿ ನೋಡಿ: ಕಾಲು ಮಿಲಿಮೀಟರಿಗೂ ಹೆಚ್ಚು ಸವೆತ. ತೆಳು ಹೊದಿಕೆಗಳು ಉಳಿಯಲು ಅವಕಾಶವೇ ಇಲ್ಲ. ಬೆಳ್ಳಿಯ ಲೇಪನಗಳು ಕಪ್ಪಾಗುತ್ತವೆ, ಸಿಲಿಕೋನ್ ಆವಿ ಗಾಜಿನ ಮೇಲೆ ಕುಳಿತಿದ್ದರೆ ಆಮ್ಲಜನಕದೊಡನೆ ಸೇರಿ ಗಟ್ಟಿ ಪದರವಾಗುತ್ತದೆ.

ಈ ಲಕ್ಷಣ ಕಂಡಾಗ ಮಾಡಬೇಕಾದ್ದು ಒಂದೇ. ಕ್ಯಾಮೆರಾವನ್ನು ಎದುರುಗಾಳಿಯಿಂದ ತಿರುಗಿಸಿ ನಿಲ್ಲಿಸಿ, ದೃಗ್ವಿಜ್ಞಾನ ಮತ್ತು ವಸ್ತುವಿಜ್ಞಾನದ ತಜ್ಞರನ್ನು ಕರೆಯಿರಿ. ಸಂಶಯ ತೀರಿಸಿಕೊಳ್ಳಲೆಂದು ಮತ್ತೆ ಮತ್ತೆ ಎದುರುಮುಖ ಮಾಡಿಸುವುದು ಗಾಯವನ್ನು ಕೆರೆದಂತೆ. ಭಾರತದ ಆಸ್ಟ್ರೋಸ್ಯಾಟ್ ಇದಕ್ಕೆ ಒಳ್ಳೆಯ ಮಾದರಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಅದು 650 ಕಿ.ಮೀ. ಎತ್ತರದಲ್ಲಿದ್ದರೂ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮುಂದಾಳಾಗಿ ರೂಪಿಸಿದ ಅತಿನೇರಳೆ ದೂರದರ್ಶಕ ಸೇರಿದಂತೆ ಅದರ ಉಪಕರಣಗಳ ನೋಟ ಚಲನೆಯ ದಿಕ್ಕಿಗೆ ತೀರ ಹತ್ತಿರವಾಗದಂತೆ ವೀಕ್ಷಣಾ ನಿಯಮವಿದೆ. ಅಷ್ಟು ಎತ್ತರದಲ್ಲೇ ಇಷ್ಟು ಎಚ್ಚರವಿದ್ದರೆ 300–400 ಕಿ.ಮೀ.ನಲ್ಲಿ ಹಾರುವವರು ಇನ್ನೆಷ್ಟು ಎಚ್ಚರದಿಂದಿರಬೇಕು!

ನೀಲಿ-ಬಿಳಿ ಕಿಡಿ, ಅಥವಾ ಹೊಳಪಿನೊಂದಿಗೆ ಮೈ ಬಿಸಿಯಾಗುತ್ತಿದೆ

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳಿವು. ಸೌರಫಲಕದ ಅಂಚಿನಲ್ಲಿ, ತಂತಿಯ ಜೋಡಣೆಯಲ್ಲಿ ಚುಕ್ಕೆಯಂತೆ ನೀಲಿ-ಬಿಳಿ ಕಿಡಿ ಕಂಡು, ಅದೇ ಗಳಿಗೆಯಲ್ಲಿ ವಿದ್ಯುತ್ ದಾಖಲೆಯಲ್ಲಿ ಜಿಗಿತವಿದ್ದರೆ ಅದು ಸ್ಥಾಯೀ ವಿದ್ಯುತ್ತಿನ ವಿಸರ್ಜನೆ. ಹೊಳಪಿನ ರಸಾಯನಕ್ಕೂ ಅದಕ್ಕೂ ಸಂಬಂಧವಿಲ್ಲ. ವಿದ್ಯುತ್ ವಿಭಾಗದವರಿಗೆ ಒಪ್ಪಿಸಿ.

ಕಕ್ಷೆ ಕುಸಿಯುತ್ತಿರುವ ನೌಕೆಯಲ್ಲಿ ಹೊಳಪು ಗಂಟೆಗಂಟೆಗೂ ಏರಿ, ಎದುರುಮುಖದ ತಾಪಮಾನವೂ ಏರುತ್ತಿದ್ದರೆ ಅದು ವಾತಾವರಣದ ಮರುಪ್ರವೇಶದ ಮುನ್ಸೂಚನೆ. ಮೈಹೊಳಪಿನ ಶಾಖ ನೌಕೆಗೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹೊಳಪಿನ ಜೊತೆ ಶಾಖ ಬಂದರೆ ಕಾರಣ ಬೇರೆಯೇ ಎಂದು ತಿಳಿಯಿರಿ. ಆಗ ಮಾತು ಕ್ಯಾಮೆರಾದ್ದಲ್ಲ, ಕಕ್ಷೆಯದ್ದು.

ನೆಲದ ಮೇಲೆ ಪರೀಕ್ಷಿಸಿ ನೋಡಬೇಕೆನಿಸಿದರೆ

ವಿದ್ಯಾರ್ಥಿ ಉಪಗ್ರಹ ತಂಡಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಕಾಲೇಜಿನ ಪ್ರಯೋಗಾಲಯದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸಿ ಹೊಳಪು ಬರಿಸುವ ಸಾಹಸ ಬೇಡ. ಅದು ಗಾಳಿ ಸೋಕಿದ ಕೂಡಲೇ ಕಂದುಗೆಂಪು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಉಸಿರಿಗೆ ಹೋದಾಗ ಸಣ್ಣ ಕೆಮ್ಮಷ್ಟೇ ಬಂದು, ಹಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ಸೇವಿಸಿದ ಅನುಮಾನ ಬಂದರೆ ಆರಾಮಾಗಿದ್ದೇನೆ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೈಡ್ರಜೀನ್ ಇಂಧನಗಳು ಇನ್ನೂ ಕ್ರೂರ. ಪರಮಾಣು ಆಮ್ಲಜನಕದ ಆಕರಗಳಿರುವ ನಿರ್ವಾತ ಕೋಣೆಗಳಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ, ಹೆಚ್ಚಿನ ವೋಲ್ಟೇಜ್ ಎರಡೂ ಇರುತ್ತವೆ. ಈ ಪರೀಕ್ಷೆಗಳನ್ನು ತರಬೇತಿಯಿದ್ದವರು, ಅದಕ್ಕೆಂದೇ ಇರುವ ಕೇಂದ್ರಗಳಲ್ಲಿ ಮಾಡಬೇಕು.

ಹೊಳಪು ಎಂದು ಖಚಿತವಾದ ಮೇಲೆ

ಹಾರಿಹೋದ ನೌಕೆಯ ಬಣ್ಣ ಬದಲಿಸಲಾಗದು. ಆದರೂ ಮಾಡಬಹುದಾದದ್ದು ಬಹಳಷ್ಟಿದೆ. ಮಂದ ಆಕಾಶಕಾಯಗಳ ಚಿತ್ರವನ್ನು ಕ್ಯಾಮೆರಾ ಹಿಮ್ಮುಖವಾಗಿರುವ ಅವಧಿಗೆ ಸರಿಸಿ. ಎದುರುಗಾಳಿಗೆ ಬಿದ್ದ ಯಾವ ಅಂಚೂ ನೋಟದೊಳಗೆ ಇಣುಕದಂತೆ ಭಂಗಿಯನ್ನು ಸ್ವಲ್ಪ ಓರೆಯಾಗಿಸಿ. ಮಬ್ಬು ಮೇಲ್ಮೈಯಿಂದ ಸುಮಾರು ಒಂದು ಗೇಣು ಮಾತ್ರ ಹರಡುವುದರಿಂದ ಹಲವು ಬಾರಿ ಇಷ್ಟೇ ಸಾಕಾಗುತ್ತದೆ. ಥ್ರಸ್ಟರ್ ಉರಿದ ಬೆನ್ನಿಗೇ ಚಿತ್ರ ತೆಗೆಯಬೇಡಿ. ಆಯ್ಕೆ ಇದ್ದರೆ ನೀಲಿಯ ಕಡೆಯ ಫಿಲ್ಟರ್ ಬಳಸಿ. ಕಕ್ಷೆಯ ಎತ್ತರ ಬದಲಾಗುತ್ತಿದ್ದರೆ ಮೇಲ್ತುದಿಯಲ್ಲಿ ಚಿತ್ರ ತೆಗೆಯಿರಿ. ಇವೆಲ್ಲ ಆದ ಮೇಲೂ ಉಳಿದ ಹಿನ್ನೆಲೆಯನ್ನು ಮಾತ್ರ ತಂತ್ರಾಂಶದಲ್ಲಿ ಕಳೆಯಿರಿ, ಅದೂ ಕೋನ ಮತ್ತು ತಾಪಮಾನಕ್ಕೆ ತಕ್ಕಂತೆ ನೀವೇ ಅಳೆದ ರೇಖೆಯನ್ನು ಇಟ್ಟುಕೊಂಡು. ಮೂಲ ಚಿತ್ರವನ್ನು ತಿದ್ದದೆ ಬೇರೆಯಾಗಿ ಉಳಿಸಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ತಜ್ಞರ ಬಳಿ ಹೋಗುವಾಗ ಬರೀ ಕೆಟ್ಟ ಚಿತ್ರವನ್ನು ಹಿಡಿದು ಹೋಗಬೇಡಿ. ಶಟರ್ ಮುಚ್ಚಿದ ಚಿತ್ರ, ಅಮಾವಾಸ್ಯೆಯ ಚಿತ್ರ, ಎದುರುಮುಖ ಮತ್ತು ಹಿಮ್ಮುಖದ ಜೋಡಿ ಚಿತ್ರ, ಆ ಹೊತ್ತಿನ ಎತ್ತರ ಮತ್ತು ಫಲಕಗಳ ತಾಪಮಾನ, ಹಿಂದಿನ ಒಂದು ಗಂಟೆಯ ಥ್ರಸ್ಟರ್ ದಾಖಲೆ, ಹೊರಮೈಗೆ ಬಳಿದ ಬಣ್ಣ ಹಾಗೂ ಅಂಟುಗಳ ಪಟ್ಟಿ ಜೊತೆಗಿರಲಿ. ಎದುರುಮುಖ-ಹಿಮ್ಮುಖದ ಜೋಡಿಯೊಂದು ಇಲ್ಲದಿದ್ದರೆ ಅವರು ಮೊದಲು ಕೇಳುವುದು ಅದನ್ನೇ.